ಪ ಪ ಪ ದ ದ ಪ

ಮೊದಲ ಪಾಠದ ದಿನ ಗುರುಗಳು ನನ್ನ ಮುಂದಿದ್ದ ಹಾಡಿನ ಪುಸ್ತಕವನ್ನು ಮುಚ್ಚಿ, ಬೆಂಚಿನ ಮೇಲೆ ತಮ್ಮ ಪಕ್ಕದಲ್ಲಿ ಇಟ್ಟುಕೊಂಡರು. "ಈ ಹಾಡು ನಿಮಗೆ ಬಾಯಿಪಾಠ ಇದೆಯಲ್ಲ? ಇದರ ಮೊದಲ ಸಾಲನ್ನು ಮಾತ್ರ ಇಟ್ಟುಕೊಂಡು ಅರ್ಧ ನಿಮಿಷ ನುಡಿಸಿ" ಎಂದರು. ನಾನು ಮೊದಲ ಸಾಲು ನುಡಿಸಿದೆ, ನಿಂತೆ. ಇನ್ನೊಮ್ಮೆ ನುಡಿಸಿದೆ, ಮತ್ತೆ ನಿಂತೆ. ಅದಕ್ಕೂ ಮೊದಲು ಎರಡು ವರ್ಷ ಸ್ವರಲಿಪಿ ನೋಡಿ ಆರ್ಗನ್ ನುಡಿಸುವುದನ್ನು ಕಲಿತಿದ್ದವಳು ನಾನು. ಹಾಳೆಯಲ್ಲಿ ಇದ್ದದ್ದನ್ನು ಎರಡು ಕೈ, ಎರಡು ಕಾಲು ಸೇರಿಸಿ ನುಡಿಸಬಲ್ಲೆ. ಹಾಳೆಯೇ ಇಲ್ಲದಾಗ ಆರು ಸ್ವರಗಳಾಚೆಗೆ ಹೋಗುವ ದಾರಿ ಗೊತ್ತಿರಲಿಲ್ಲ.

ದಕ್ಷಿಣ ಜರ್ಮನಿಯ ವ್ಯುರ್ಟೆಂಬೆರ್ಗ್ ಪ್ರಾಂತದಲ್ಲಿ, ಟ್ಯೂಬಿಂಗನ್ನಿನಿಂದ ಬಸ್ಸಿನಲ್ಲಿ ಅರ್ಧ ಗಂಟೆ ದೂರದ ಹಳ್ಳಿಯೊಂದರಲ್ಲಿ ನಾನಿದ್ದೇನೆ. ವಾರವಿಡೀ ಕಂಪ್ಯೂಟರ್ ಮುಂದೆ ಕೆಲಸ, ತಿಂಗಳಿಗೆ ಎರಡು ಭಾನುವಾರ ಇಲ್ಲಿನ ಚರ್ಚಿನಲ್ಲಿ ಆರ್ಗನ್. ಇಲ್ಲಿನ ಪ್ರೊಟೆಸ್ಟಂಟ್ ಆರಾಧನೆ ಸರಳವಾದದ್ದು. ನಾಲ್ಕೈದು ಹಾಡು, ಪ್ರಾರ್ಥನೆ, ಪ್ರಸಂಗ, ಆಶೀರ್ವಾದ. ಪ್ರತಿ ಹಾಡಿಗೂ ಮೊದಲು ಆರ್ಗನ್ ನುಡಿಸುವವರು ಕೆಲವು ಸೆಕೆಂಡುಗಳಿಂದ ಒಂದೆರಡು ನಿಮಿಷದವರೆಗೆ ಏನನ್ನಾದರೂ ನುಡಿಸಬೇಕು. ಯಾವ ಹಾಡು, ಯಾವ ಶ್ರುತಿ, ಎಷ್ಟು ವೇಗ, ಯಾವ ಭಾವ ಎಂಬುದೆಲ್ಲ ಸಭೆಗೆ ಅದರಿಂದಲೇ ತಿಳಿಯಬೇಕು. ಚಿಕ್ಕದನ್ನು ಇಂಟೊನಾಟ್ಸಿಯೋನ್ ಎನ್ನುತ್ತಾರೆ, ದೊಡ್ಡದನ್ನು ಕೊರಾಲ್ ಫೋರ್‌ಷ್ಪೀಲ್. ಅಚ್ಚಾದ ಪುಸ್ತಕಗಳು ಬೇಕಾದಷ್ಟಿವೆ, ನೋಡಿ ನುಡಿಸಬಹುದು. ಆದರೆ ಅದನ್ನು ಅಲ್ಲೇ, ಆ ಕ್ಷಣದಲ್ಲೇ ಕಟ್ಟುವುದು ಇಲ್ಲಿನ ಹಳೆಯ ರೂಢಿ. ಅರೆಕಾಲಿಕ ಚರ್ಚ್ ಸಂಗೀತಗಾರರಿಗೆ ಇರುವ ಡಿ ಮತ್ತು ಸಿ ದರ್ಜೆಯ ಪರೀಕ್ಷೆಗಳಲ್ಲೂ ಅದನ್ನು ಕೇಳುತ್ತಾರೆ. ನಾನು ಸಿ ಪರೀಕ್ಷೆಗೆ ಕಟ್ಟಲು ಹೊರಟಿದ್ದೆ. ಅದಕ್ಕಾಗಿಯೇ ಈ ಗುರುಗಳ ಬಳಿ ಬಂದದ್ದು.

ಮಂಗಳೂರಿನ ಕನ್ನಡ ಪ್ರೊಟೆಸ್ಟಂಟ್ ಮನೆತನದ ನನಗೆ ಈ ಹಾಡುಗಳು ಹೊಸವಲ್ಲ. 1834ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದಾಗ ತಮ್ಮ ಕೊರಾಲ್‌ಗಳನ್ನೂ, ಅಂದರೆ ಸಭೆ ಒಟ್ಟಾಗಿ ಹಾಡುವ ಹಾಡುಗಳನ್ನೂ, ಹೊತ್ತು ತಂದರು. ಅವರಲ್ಲಿ ಎಷ್ಟೋ ಮಂದಿ ಇದೇ ವ್ಯುರ್ಟೆಂಬೆರ್ಗ್ ಕಡೆಯವರು. 'ಮಂಗಳೂರ ಸಮಾಚಾರ' ಹೊರಡಿಸಿದ ಮೊಗ್ಲಿಂಗ್ ಓದಿದ್ದು ಟ್ಯೂಬಿಂಗನ್ನಿನಲ್ಲಿ. ನಿಘಂಟಿನ ಕಿಟ್ಟೆಲ್ 1903ರಲ್ಲಿ ಕಣ್ಮುಚ್ಚಿದ್ದೂ ಅಲ್ಲೇ. ಆ ರಾಗಗಳಿಗೆ ಕನ್ನಡದ ಮಾತು ಕೂಡಿ, ನಮ್ಮ ಅಜ್ಜಿಯಂದಿರ ಬಾಯಲ್ಲಿ ತಲೆಮಾರುಗಳು ಉರುಳಿದವು. ನನ್ನ ದೊಡ್ಡಪ್ಪ ನಮ್ಮ ಸಭೆಯಲ್ಲಿ ಕಾಲಿನಿಂದ ತಿದಿ ತುಳಿಯುವ ಹಾರ್ಮೋನಿಯಂ ನುಡಿಸುತ್ತಿದ್ದರು. ಯಾವ ಹಾಡೇ ಇರಲಿ, ಮೊದಲು ಅದರ ಕೊನೆಯ ಸಾಲನ್ನು ನುಡಿಸುವರು, ಒಂದು ಉಸಿರಿನಷ್ಟು ಬಿಡುವರು, ಆಮೇಲೆ ಎಲ್ಲರೂ ಹಾಡುವರು. ನಾನು ಅವರ ಪಕ್ಕ ನಿಂತು ಪುಟ ತಿರುವುತ್ತಿದ್ದೆ. ಬಿಡುವಿನ ಹೊತ್ತಿಗೆ ಅವರ ಬಲಗಾಲು ತಿದಿಯ ಮೇಲೆ ಅರ್ಧಕ್ಕೆ ನಿಲ್ಲುತ್ತಿದ್ದುದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಪಾಠಕ್ಕೆ ತೆಗೆದುಕೊಂಡ ಹಾಡು 'ನೂನ್ ಡಾಂಕೆಟ್ ಆಲ್ಲೆ ಗಾಟ್', 'ಈಗ ಎಲ್ಲರೂ ದೇವರಿಗೆ ಕೃತಜ್ಞತೆ ಹೇಳಿರಿ' ಎಂಬುದು. ಅದರ ರಾಗ 1647ರಷ್ಟು ಹಳೆಯದು, ಯೋಹಾನ್ ಕ್ರೂಗರ್ ಅವರ ಸಂಗ್ರಹದಲ್ಲಿ ಬಂದದ್ದು. ಇಲ್ಲಿನ ಹಾಡಿನ ಪುಸ್ತಕದಲ್ಲಿ 321ನೆಯ ನಂಬರು. ಚಿಕ್ಕಂದಿನಲ್ಲಿ ನಾಲ್ಕು ವರ್ಷ ಕರ್ನಾಟಕ ಸಂಗೀತದ ಪಾಠಕ್ಕೆ ಹೋಗಿದ್ದರಿಂದ ಯಾವ ರಾಗ ಕೇಳಿದರೂ ನನ್ನ ತಲೆಯಲ್ಲಿ ಸರಿಗಮವೇ ಓಡುತ್ತದೆ. ಈ ಹಾಡಿನ ಮೊದಲ ಸಾಲು ಪ ಪ ಪ ದ ದ ಪ. ಇಷ್ಟೇ. ಏರಿಳಿತ ಇಲ್ಲವೇ ಇಲ್ಲ ಎನ್ನಬಹುದಾದ ಸಾಲು.

ಮೊದಲ ಆರು ತಿಂಗಳು ಗುರುಗಳು ನನಗೆ ಸ್ವರಗುಚ್ಛಗಳನ್ನು, ಅಂದರೆ ಹಲವು ಸ್ವರಗಳನ್ನು ಒಟ್ಟಿಗೆ ಒತ್ತುವುದನ್ನು, ಮುಟ್ಟಲು ಬಿಡಲಿಲ್ಲ. ಎರಡೇ ಎಳೆ: ಬಲಗೈಗೆ ಒಂದು, ಎಡಗೈಗೆ ಒಂದು. ಪೆಡಲ್ ಬೇಡ. ಎಂಟು ಅಡಿಯ ಒಂದು ಕೊಳಲು ಸ್ಟಾಪ್ ಮಾತ್ರ. ಸ್ಟಾಪ್ ಎಂದರೆ ಒಂದೇ ಬಗೆಯ ನಾದದ ಕೊಳವೆಗಳ ಸಾಲು, ಅದರ ಗುಂಡಿ ಎಳೆದಾಗ ಮಾತ್ರ ನುಡಿಯುವಂಥದ್ದು. ಎಂಟು ಅಡಿ ಎಂದರೆ ಅತಿ ಕೆಳಗಿನ ಸ್ವರದ ಕೊಳವೆ ಸುಮಾರು ಅಷ್ಟು ಉದ್ದವಿರುತ್ತದೆ ಎಂದು. ನನಗೆ ಒಳಗೊಳಗೇ ಬೇಸರ. ಹದಿನಾಲ್ಕು ಸ್ಟಾಪುಗಳ ವಾದ್ಯ ಎದುರಿಗಿದೆ, ಕಾಲ ಕೆಳಗೆ ಮೂವತ್ತು ಪೆಡಲುಗಳಿವೆ, ನಾನು ಮಾತ್ರ ಎರಡು ಬೆರಳಲ್ಲಿ ಮಗುವಿನಂತೆ ಕುಟ್ಟುತ್ತಿದ್ದೇನೆ! ಆ ಆರು ತಿಂಗಳು ಇಲ್ಲದಿದ್ದರೆ ಮುಂದಿನದು ಯಾವುದೂ ಕೈಗೂಡುತ್ತಿರಲಿಲ್ಲ ಎಂದು ಈಗ ಗೊತ್ತಿದೆ. ಸ್ವರಗುಚ್ಛದಲ್ಲಿ ತಪ್ಪುಗಳು ಅಡಗಿಕೊಳ್ಳುತ್ತವೆ, ಎರಡೇ ಎಳೆಯಿದ್ದಾಗ ಒಂದೂ ಅಡಗುವುದಿಲ್ಲ.

ಆ ಆರು ತಿಂಗಳಲ್ಲಿ ಒಂದು ಸಂಜೆಯ ಪಾಠವನ್ನು ಇಲ್ಲಿ ಬಿಡಿಸಿ ಹೇಳಬೇಕು. ಬಲಗೈ ಪ ಪ ಪ ದ ದ ಪ ಎನ್ನುತ್ತದೆ. ಎಡಗೈ ಅದನ್ನೇ ಸ್ವಲ್ಪ ತಡವಾಗಿ, ಕೆಳಗಿನಿಂದ, ಸ ಸ ಸ ರಿ ರಿ ಸ ಎಂದು ಅನುಕರಿಸಬೇಕು. ಬಲಗೈ ದ ತಲುಪುವ ಹೊತ್ತಿಗೆ ಎಡಗೈ ಸ ಹಿಡಿದು ಹೊರಡಬೇಕು. ಮೇಲೆ ದ, ಕೆಳಗೆ ಸ: ಹಿತವಾಗಿದೆ. ಮೇಲೆ ಪ, ಕೆಳಗೆ ಸ: ಸರಿ. ಆಮೇಲೆ ಬಲಗೈ ಪ ಮೇಲೆ ನಿಂತಿರುವಾಗ ಎಡಗೈ ರಿಗೆ ಬರುತ್ತದೆ. ಅಲ್ಲಿ ಟೊಳ್ಳು. ಕರ್ಕಶವಲ್ಲ, ಆದರೆ ಕಾಲಡಿಯ ಮೆಟ್ಟಿಲೊಂದು ಇಲ್ಲವಾದಂತೆ. ನಾನು ಹತ್ತು ಬಾರಿ ನುಡಿಸಿದೆ, ಹತ್ತು ಬಾರಿಯೂ ಅಲ್ಲೇ ಟೊಳ್ಳು. ಎಡಗೈ ಬೇರೆ ಹೊತ್ತಿಗೆ ಹೊರಟರೆ ಸರಿಹೋದೀತೇ ಎಂದು ನೋಡಿದೆ. ಒಂದು ಮಾತ್ರೆ ಮೊದಲು ಹೊರಟರೂ ಅದೇ. ಗುರುಗಳು ಬಾಯಿ ಬಿಡಲಿಲ್ಲ. ಕೊನೆಗೆ "ಎಡಗೈ ತಪ್ಪು ಮಾಡುತ್ತಿಲ್ಲ. ಬಲಗೈ ತನ್ನ ಮಾತು ಮುಗಿದ ಮೇಲೂ ಜಾಗ ಬಿಡುತ್ತಿಲ್ಲ" ಎಂದರು. ಅವರು ನನ್ನ ಬಲಗೈಯನ್ನು ಎತ್ತಿ ಒಂದು ಮನೆ ಕೆಳಗೆ, ಮ ಮೇಲೆ ಇಟ್ಟರು. ಈಗ ರಿಯ ಮೇಲೆ ಮ. ನಂತರ ಸ ಮೇಲೆ ಗ. ಪ ಮ ಮ ಗ ಎಂದು ಬಲಗೈ ಇಳಿಯುತ್ತದೆ, ಸ ರಿ ರಿ ಸ ಎಂದು ಎಡಗೈ ಏರಿ ಇಳಿಯುತ್ತದೆ. ಎರಡೂ ಒಂದಕ್ಕೊಂದು ದಾರಿ ಕೊಡುತ್ತ ನಡೆದವು. ಮುಚ್ಚಿದ ಚರ್ಚಿನಲ್ಲಿ, ಮಂಗಳವಾರದ ಸಂಜೆ, ಆ ಎಂಟು ಸ್ವರಗಳು ನನ್ನ ಬೆನ್ನುಹುರಿಯಲ್ಲಿ ಹರಿದವು. ಅಂದು ಮನೆಗೆ ನಡೆದೇ ಹೋದೆ, ಬಸ್ಸಿನ ಸದ್ದಿನಲ್ಲಿ ಅದನ್ನು ಕಳೆದುಕೊಳ್ಳಲು ಮನಸ್ಸಾಗಲಿಲ್ಲ.

ಆಶುವಾಗಿ ನುಡಿಸುವುದೆಂದರೆ ಇಲ್ಲದ್ದನ್ನು ಸೃಷ್ಟಿಸುವುದು ಎಂದು ಅಂದಿನವರೆಗೆ ಭಾವಿಸಿದ್ದೆ. ಆ ಎಂಟು ಸ್ವರಗಳಲ್ಲಿ ನಾನು ಸೃಷ್ಟಿಸಿದ್ದು ಏನೂ ಇರಲಿಲ್ಲ. ಹಾಡಿನ ಮುಂದಿನ ಸಾಲು ಆರಂಭವಾಗುವುದು ಮ ಸ್ವರದಿಂದಲೇ. ಇಳಿಯುವ ದಾರಿ ಅದರಲ್ಲೇ ಇತ್ತು.

ಆಮೇಲಿನ ಒಂದು ವರ್ಷ ಅಭ್ಯಾಸ ಹೀಗಿತ್ತು. ವಾರಕ್ಕೊಂದು ಹಾಡು. ಸೋಮವಾರ ಅದನ್ನು ಹಾಡುವುದು, ನುಡಿಸುವುದಲ್ಲ. ಮಂಗಳವಾರ ಎರಡೆಳೆ. ಬುಧವಾರ ರಾಗವನ್ನು ಎಡಗೈಗೆ ಕೊಟ್ಟು ಬಲಗೈಯಲ್ಲಿ ಹೊಸ ಎಳೆ. ಗುರುವಾರ ಪೆಡಲ್. ಪೆಡಲಿಗೆ ಮೊದಲು ಸಿಕ್ಕಿದ್ದು ಒಂದೇ ಸ್ವರ: ಕಾಲು ಸ ಮೇಲೆ ಅಲುಗದೆ ನಿಲ್ಲಬೇಕು, ಮೇಲೆ ಕೈಗಳು ಆಡಬೇಕು. ಇದಕ್ಕೆ ಜರ್ಮನ್ನಿನಲ್ಲಿ ಓರ್ಗೆಲ್‌ಪುಂಕ್ಟ್ ಎನ್ನುತ್ತಾರೆ, ಆರ್ಗನ್ ಬಿಂದು. ನಾನು ನಕ್ಕು, ನಮ್ಮಲ್ಲಿ ಇದನ್ನೇ ತಂಬೂರಿ ಮಾಡುತ್ತದೆ, ಕಚೇರಿಯುದ್ದಕ್ಕೂ ಎಂದೆ. ಗುರುಗಳಿಗೆ ಅದು ಬಹಳ ಹಿಡಿಸಿತು. ಮುಂದಿನ ವಾರ ಹದಿನಾರು ಅಡಿಯ ಸ್ಟಾಪ್ ಎಳೆದು, ಎರಡು ಪೆಡಲುಗಳನ್ನು ಸ ಮತ್ತು ಪ ಆಗಿ ಒತ್ತಿ ಹಿಡಿದು, "ಈಗ ನಿಮ್ಮ ಊರಿನಲ್ಲಿ ಹಾಡುವ ಹಾಗೆ ಹಾಡಿ" ಎಂದರು. ಕನ್ನಡದಲ್ಲಿ ಹಾಡಿದೆ. ಅಜ್ಜಿ ಹಾಡುತ್ತಿದ್ದ ಹಾಗೆ, ಸಾಲಿನ ಕೊನೆಯಲ್ಲಿ ಸ್ವರವನ್ನು ಸ್ವಲ್ಪ ಜಾರಿಸಿ. ಹಾಡಿ ಮುಗಿಸಿದಾಗ ಗುರುಗಳು ಕೇಳಿದ್ದು ಒಂದೇ: "ಜರ್ಮನ್ನಿನಲ್ಲಿ ಹಾಡುವಾಗ ನೀವು ಸಾಲಿನ ಆರಂಭದಲ್ಲಿ ಒತ್ತುತ್ತೀರಿ. ಈಗ ಏಕೆ ಕೊನೆಗೆ ಒತ್ತು?" ನಾನು ಯೋಚಿಸಿಯೇ ಇರಲಿಲ್ಲ. ನಮ್ಮ ಕ್ರಿಯಾಪದ ಬರುವುದು ಕೊನೆಯಲ್ಲಿ. ಮಾತಿನ ತೂಕ ಅಲ್ಲಿಗೆ ಬಂದು ಕೂರುತ್ತದೆ. ಅದೇ ರಾಗ, ಬೇರೆ ಭಾಷೆ, ಉಸಿರಿನ ಜಾಗವೇ ಬೇರೆ. ಅಂದಿನಿಂದ ಯಾವ ಹಾಡಿಗೂ ಮುನ್ನುಡಿ ನುಡಿಸುವ ಮೊದಲು ಆ ಭಾನುವಾರ ಹಾಡುವ ಚರಣಗಳ ಮಾತನ್ನು ಓದುತ್ತೇನೆ.

ಚಳಿಗಾಲದ ಅಭ್ಯಾಸದ ಬಗ್ಗೆ ಹೇಳಲೇಬೇಕು. ವಾರದ ದಿನಗಳಲ್ಲಿ ಚರ್ಚನ್ನು ಬೆಚ್ಚಗಿಡುವುದಿಲ್ಲ. ಬೆರಳ ತುದಿ ಕತ್ತರಿಸಿದ ಕೈಗವುಸು ಹಾಕಿಕೊಂಡು, ಪಕ್ಕದಲ್ಲಿ ಬಿಸಿನೀರಿನ ಥರ್ಮಾಸ್ ಇಟ್ಟುಕೊಂಡು ನುಡಿಸುತ್ತಿದ್ದೆ. ಗಾಳಿ ತಣ್ಣಗಾದಷ್ಟೂ ಕೊಳವೆಗಳ ಶ್ರುತಿ ಇಳಿಯುತ್ತದೆ; ಹತ್ತು ಡಿಗ್ರಿ ಇಳಿದರೆ ಅರ್ಧಸ್ವರದ ಸುಮಾರು ಮೂರನೇ ಒಂದು ಭಾಗದಷ್ಟು. ಎಲ್ಲವೂ ಒಟ್ಟಿಗೆ ಇಳಿದರೆ ತೊಂದರೆಯಿಲ್ಲ. ಆದರೆ ಟ್ರಂಪೆಟ್ ಸ್ಟಾಪಿನ ಕೊಳವೆಗಳಲ್ಲಿ ಸದ್ದು ಹುಟ್ಟುವುದು ಹಿತ್ತಾಳೆಯ ನಾಲಗೆಯಿಂದ. ಅವು ಅಷ್ಟಾಗಿ ಇಳಿಯುವುದಿಲ್ಲ. ಹಾಗಾಗಿ ಚಳಿಯಲ್ಲೂ ಬೇಸಿಗೆಯಲ್ಲೂ ಟ್ರಂಪೆಟ್ ಉಳಿದವರೊಡನೆ ಜಗಳಕ್ಕೆ ನಿಲ್ಲುತ್ತದೆ. ಯಾವ ಸ್ಟಾಪ್ ಎಳೆಯಬೇಕೆಂಬುದನ್ನು ಭಾನುವಾರ ಬೆಳಿಗ್ಗೆ ಅಟ್ಟಣಿಗೆ ಹತ್ತಿ, ಒಂದೊಂದನ್ನೂ ಕೇಳಿಯೇ ತೀರ್ಮಾನಿಸಬೇಕು.

ಸಿ ಪರೀಕ್ಷೆ ಪಾಸಾಯಿತು. ಅದರ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ.

ನಿಜವಾದ ಪರೀಕ್ಷೆ ಬಂದದ್ದು ಅದಾದ ಮೂರು ತಿಂಗಳಿಗೆ. ಆ ಬೇಸಿಗೆಯಲ್ಲಿ ಪ್ಯಾರಿಸ್ಸಿಗೆ ಹೋಗಿ, ಸೇಂಟ್ ಸುಲ್‌ಪೀಸ್ ಚರ್ಚಿನಲ್ಲಿ ಭಾನುವಾರದ ಆರಾಧನೆಗೆ ಕುಳಿತಿದ್ದೆ. ಅಲ್ಲಿಯದು 1862ರಲ್ಲಿ ಕವೈಯೆ ಕೋಲ್ ಎಂಬ ವಾದ್ಯ ತಯಾರಕರು ಕಟ್ಟಿದ ಆರ್ಗನ್: ಕೈಯಿಂದ ನುಡಿಸುವ ಐದು ಮಣೆ, ಸುಮಾರು ನೂರು ಸ್ಟಾಪು. ಫ್ರೆಂಚರಿಗೆ ಆಶುವಾದನ ರಕ್ತದಲ್ಲೇ ಇದೆ. ಆರಾಧನೆಯ ಕೊನೆಗೆ ಎದ್ದ ನಾದದ ಅಲೆ ನೆಲದಿಂದ ನನ್ನ ಪಾದಕ್ಕೆ, ಪಾದದಿಂದ ಎದೆಗೆ ಏರಿತು. ಊರಿಗೆ ಬಂದವಳೇ ಅದರ ಗುಂಗಿನಲ್ಲಿ ಮುಂದಿನ ಭಾನುವಾರದ ಹಾಡಿಗೆ ದೊಡ್ಡದೊಂದು ಮುನ್ನುಡಿ ಕಟ್ಟಿದೆ. ಎರಡೂವರೆ ನಿಮಿಷ. ರಾಗವನ್ನು ಪೆಡಲಿನಲ್ಲಿ ಅಡಗಿಸಿ, ಮೇಲೆ ಬಿರುಸಾದ ಓಟ, ನಡುವೆ ಬೇರೊಂದು ಶ್ರುತಿಗೆ ಹೋಗಿ ಮರಳುವುದು. ಮರಳಿದೆ ಎಂದುಕೊಂಡು ನಿಲ್ಲಿಸಿದೆ. ಕೆಳಗೆ ಮೌನ. ಒಂದಿಬ್ಬರು ಒಂದು ಶ್ರುತಿಯಲ್ಲಿ ಶುರುಮಾಡಿದರು, ಉಳಿದವರು ತಡವರಿಸಿದರು. ನಾನು ಮೊದಲ ಸ್ವರಗುಚ್ಛ ಒತ್ತಿ ಕಾದೆ, ಅವರು ನನಗಾಗಿ ಕಾದರು. ಮೊದಲ ಚರಣ ಮುಗಿಯುವವರೆಗೆ ಸಭೆ ಒಂದಾಗಲಿಲ್ಲ.

ಆರಾಧನೆ ಮುಗಿದ ಮೇಲೆ ಅಟ್ಟಣಿಗೆಯ ಮೆಟ್ಟಿಲ ಬಳಿ ಹಿರಿಯರೊಬ್ಬರು ನಿಂತಿದ್ದರು. ಸೇಬಿನ ತೋಟದವರು, ಪ್ರತಿ ಭಾನುವಾರ ಎರಡನೇ ಸಾಲಿನ ಎಡತುದಿಯಲ್ಲಿ ಕೂರುವವರು, ದಪ್ಪ ಕಂಠದಲ್ಲಿ ಹಾಡುವವರು. "ಚೆನ್ನಾಗಿತ್ತು, ಮೇಡಂ. ಆದರೆ ನಾವು ಎಲ್ಲಿ ಹಾಡಬೇಕೆಂದು ತಿಳಿಯಲಿಲ್ಲ" ಎಂದರು. ಅವರ ದನಿಯಲ್ಲಿ ದೂರು ಇರಲಿಲ್ಲ, ಅದಕ್ಕೇ ಹೆಚ್ಚು ನಾಟಿತು.

ಮಂಗಳವಾರ ಗುರುಗಳಿಗೆ ಹೇಳಿದೆ. ಅವರು ನನಗೆ ಹಳೆಯ ಜರ್ಮನ್ ಸಂಗೀತಗಾರ ಬಾಖ್‌ನ ಕಥೆಯೊಂದನ್ನು ಹೇಳಿದರು. 1706ರಲ್ಲಿ, ಇಪ್ಪತ್ತೊಂದು ತುಂಬುವ ಹೊತ್ತಿಗೆ, ಆರ್ನ್‌ಷ್ಟಾಟ್ ಊರಿನ ಚರ್ಚಿನ ಹಿರಿಯರು ಅವನನ್ನು ಕರೆಸಿ ವಿಚಾರಿಸಿದರು: ಕೊರಾಲ್‌ಗಳಲ್ಲಿ ವಿಚಿತ್ರ ಮಾರ್ಪಾಡು ಮಾಡುತ್ತೀಯೆ, ಅನ್ಯ ಸ್ವರಗಳನ್ನು ಬೆರೆಸುತ್ತೀಯೆ, ಸಭೆಗೆ ಗೊಂದಲವಾಗಿದೆ ಎಂದು. ಮುನ್ನುಡಿ ಬಹಳ ಉದ್ದವಾಯಿತು ಎಂದು ಹೇಳಿದ್ದಕ್ಕೆ ಅವನು ಬೇಕೆಂದೇ ತೀರ ಗಿಡ್ಡ ಮಾಡಿಬಿಟ್ಟ ಎಂಬ ದೂರೂ ಆ ದಾಖಲೆಯಲ್ಲಿದೆ. ಹದಿನಾಲ್ಕು ವರ್ಷಗಳ ಮೇಲೆ ಅದೇ ಬಾಖ್ ಹ್ಯಾಂಬರ್ಗಿನಲ್ಲಿ ವೃದ್ಧ ಆರ್ಗನ್ ವಾದಕ ರೈನ್‌ಕೆನ್ ಎದುರು ಒಂದೇ ಕೊರಾಲ್ ಮೇಲೆ ಸುಮಾರು ಅರ್ಧ ಗಂಟೆ ಆಶುವಾಗಿ ನುಡಿಸಿದ. ಈ ಕಲೆ ಸತ್ತುಹೋಯಿತು ಎಂದುಕೊಂಡಿದ್ದೆ, ನಿನ್ನಲ್ಲಿ ಇನ್ನೂ ಬದುಕಿದೆ ಎಂದು ರೈನ್‌ಕೆನ್ ಹೇಳಿದರಂತೆ. "ಹ್ಯಾಂಬರ್ಗಿನಲ್ಲಿ ಕೇಳುವವರಿದ್ದರು. ಆರ್ನ್‌ಷ್ಟಾಟಿನಲ್ಲಿ ಹಾಡುವವರಿದ್ದರು" ಎಂದರು ಗುರುಗಳು.

ಕರ್ನಾಟಕ ಸಂಗೀತದ ನೆರವಲ್ ನನಗೆ ಆಗ ನೆನಪಾಯಿತು. ಅಲ್ಲಿಯೂ ಒಂದೇ ಸಾಲಿನ ಸಾಹಿತ್ಯ. ಅಕ್ಷರಗಳು ಇರುವ ಜಾಗದಲ್ಲೇ ಇರುತ್ತವೆ, ಸಂಗೀತ ಅದರ ಸುತ್ತ ಬೆಳೆಯುತ್ತದೆ. ಕೊರಾಲ್ ಮುನ್ನುಡಿಗೂ ಅದಕ್ಕೂ ನೆಂಟಸ್ತಿಕೆ ಇದೆ ಎಂದು ಮೊದಲಿನಿಂದಲೂ ನಂಬಿದ್ದೆ, ಈಗಲೂ ನಂಬುತ್ತೇನೆ. ಆದರೆ ನೆರವಲ್ ಮುಗಿದಾಗ ಮತ್ತೆ ಹಾಡುವುದು ಗಾಯಕರೇ. ಇಲ್ಲಿ ಮುನ್ನುಡಿ ಮುಗಿದಾಗ ಬಾಯಿ ತೆರೆಯುವುದು ಸೇಬಿನ ತೋಟದ ಹಿರಿಯರು, ಮೂರನೇ ಸಾಲಿನ ತಾಯಿ ಮತ್ತು ಅವಳ ತೊಡೆಯ ಮೇಲಿನ ಮಗು. ನನ್ನ ಮನೋಧರ್ಮಕ್ಕೆ ತಾಳ ಹಾಕಬೇಕಾದದ್ದು ಅವರ ಉಸಿರು.

ಆ ಚಳಿಗಾಲ ನಾನು ಒಂದೇ ವಿಷಯ ಕಲಿತೆ: ನಿಲ್ಲಿಸುವುದು. ಮನೆಯಲ್ಲಿ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು, ಪ್ರತಿ ಮುನ್ನುಡಿಯ ಕೊನೆಯ ಐದು ಸೆಕೆಂಡನ್ನು ಮಾತ್ರ ಮತ್ತೆ ಮತ್ತೆ ಕೇಳಿದೆ. ನಾನು ಕೊನೆಗೆ ನಿಧಾನ ಮಾಡುತ್ತಿದ್ದೆ, ಚೆಂದಕ್ಕೆ. ನಿಧಾನವಾದ ಕೊನೆಯಿಂದ ಹಾಡಿನ ವೇಗ ಯಾರಿಗೂ ತಿಳಿಯದು. ಕೊನೆಯ ಸ್ವರಗುಚ್ಛವನ್ನು ಉದ್ದ ಹಿಡಿಯುತ್ತಿದ್ದೆ, ಅದರಿಂದ ಉಸಿರೆಳೆಯಲು ಜಾಗವೇ ಉಳಿಯುತ್ತಿರಲಿಲ್ಲ. ವೇಗ ಕೆಡಿಸದೆ ಬಂದು, ಹಾಡಿನ ಒಂದು ಮಾತ್ರೆಯಷ್ಟೇ ಹಿಡಿದು, ಒಂದು ಮಾತ್ರೆ ಬಿಟ್ಟು, ಹೊರಡಬೇಕು. ಕೇಳಲು ಸುಲಭ. ಕೈಗೆ ಬರಲು ನನಗೆ ನಾಲ್ಕು ತಿಂಗಳು ಹಿಡಿಯಿತು.

ಏಪ್ರಿಲ್‌ನಲ್ಲಿ ಊರಿಗೆ ಹೋದಾಗ ದೊಡ್ಡಪ್ಪನಿಗೆ ಇದನ್ನೆಲ್ಲ ಹೇಳಿದೆ. ಅವರಿಗೀಗ ಎಂಬತ್ತೆರಡು, ಹಾರ್ಮೋನಿಯಂ ಮನೆಯ ಮೂಲೆಯಲ್ಲಿದೆ, ತಿದಿ ಹರಿದಿದೆ. "ನೀವು ಯಾವಾಗಲೂ ಕೊನೆಯ ಸಾಲನ್ನೇ ಏಕೆ ನುಡಿಸುತ್ತಿದ್ದಿರಿ, ದೊಡ್ಡಪ್ಪ? ಮೊದಲ ಸಾಲು ಏಕಲ್ಲ?" ಎಂದು ಕೇಳಿದೆ. "ಮೊದಲ ಸಾಲು ಸಭೆಯವರದ್ದಲ್ಲವೇ ಮಗಳೇ, ಅದನ್ನು ನಾನೇ ಹೇಳಿಬಿಟ್ಟರೆ ಹೇಗೆ" ಎಂದರು.

ಅಕ್ಟೋಬರಿನ ಮೊದಲ ಭಾನುವಾರ ಇಲ್ಲಿ ಸುಗ್ಗಿಯ ಕೃತಜ್ಞತೆಯ ಆರಾಧನೆ. ನಮ್ಮ ಕಡೆಯ ಸಭೆಗಳಲ್ಲಿ ಬಾಳೆಗೊನೆ, ತೆಂಗಿನಕಾಯಿ, ಸೌತೆಕಾಯಿ ತಂದು ಇಟ್ಟು, ಆರಾಧನೆ ಮುಗಿದ ಮೇಲೆ ಏಲಂ ಕೂಗುತ್ತಾರೆ. ಇಲ್ಲಿ ಸೇಬು, ದ್ರಾಕ್ಷಿ, ಗೋಧಿಯ ಸಿವುಡು, ಕೆಂಪು ಕುಂಬಳಕಾಯಿ. ಗೋಡೆಯ ಮರದ ಹಲಗೆಯಲ್ಲಿ ಮೊದಲ ನಂಬರು 321. ಬಿಸಿಲಿತ್ತು, ಟ್ರಂಪೆಟ್ ಎಳೆದು ನೋಡಿದೆ, ಹೊಂದಿಕೊಂಡಿತ್ತು, ಆದರೂ ಒಳಗೆ ತಳ್ಳಿದೆ. ಕೊಳಲು ಸ್ಟಾಪಿಗೆ ಪ್ರಿನ್ಸಿಪಾಲ್ ಎಂಬ ಸ್ಟಾಪ್ ಒಂದನ್ನು ಸೇರಿಸಿದೆ. ಕಾಲು ಸ ಮೇಲೆ. ಬಲಗೈ ಪ ಪ ಪ ದ ಎನ್ನುವಷ್ಟರಲ್ಲಿ ಎಡಗೈ ಹೊರಟಿತು. ಪ ಮ ಮ ಗ. ಸ ರಿ ರಿ ಸ. ಅಲ್ಲಿಂದ ಕೊನೆಯ ಸಾಲಿಗೆ ನೇರವಾಗಿ ಹೋದೆ, ದೊಡ್ಡಪ್ಪನ ಹಾಗೆ, ವೇಗ ಕೆಡಿಸದೆ. ಒಂದು ಮಾತ್ರೆ ಹಿಡಿದೆ. ಕೈಯನ್ನೂ ಕಾಲನ್ನೂ ಎತ್ತಿದೆ.

ಅಟ್ಟಣಿಗೆಯ ಕೆಳಗಿನಿಂದ ನಲವತ್ತು ಜನರು ಒಟ್ಟಿಗೆ ಉಸಿರೆಳೆದುಕೊಂಡದ್ದು ಕೇಳಿಸಿತು. ನಾನು ಸ್ವರಗುಚ್ಛವನ್ನು ಒತ್ತಿದಾಗ ಅವರೆಲ್ಲ ಆಗಲೇ ಪ ಮೇಲೆ ಇದ್ದರು, ಎರಡನೇ ಸಾಲಿನ ಎಡತುದಿಯ ದಪ್ಪ ಕಂಠ ಎಲ್ಲರಿಗಿಂತ ಕೂದಲೆಳೆಯಷ್ಟು ಮುಂದೆ.